ರೂತಳ ಐದನೇ ಅಧ್ಯಾಯ

ಬೈಬಲ್ ಓದಬೇಕೆಂದು ಕೂತಾಗಲೆಲ್ಲ ನನಗೆ ನಗೆಪಾಟಲಾಗುವ ಯೋಗ ಯಾಕೆ ಬರುತ್ತದೋ ಗೊತ್ತಿಲ್ಲ. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನ ಓಡಾಟ. ಮನೆಯಲ್ಲಿ ಹೆಂಡತಿ ಮತ್ತು ಅವ್ವ. ಅವ್ವ ಪ್ರಾಯವನ್ನೆಲ್ಲ ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತ ಕಳೆದವಳು, ಅಕ್ಷರ ಬಾರದು. ಆಕೆಗೆ ಒಂದೇ ಆಸೆ.

"ಚರ್ಚಿನಾಗ ವಾರಕ್ಕೊಂದು ತುಣುಕು ಕೇಳಿಕೋತ ಬಂದೀನಿ. ಒಮ್ಮಿ ಮೊದಲಿಂದ ಕಡೀತನಕ ಕೇಳಬೇಕು ನೋಡಪಾ."

ನಾನು ಓದಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟು ಎಷ್ಟೋ ಜನವರಿಗಳು ಕಳೆದವು.

೧. ವರ್ಷಕ್ಕೊಂದು ಸೃಷ್ಟಿ

ಪ್ರತಿ ಜನವರಿ ಒಂದಕ್ಕೆ ಜಗತ್ತಿನ ಸೃಷ್ಟಿಯ ಕಥೆಯಿರುವ ಆದಿಕಾಂಡದಿಂದ ಶುರು ಮಾಡುತ್ತಿದ್ದೆ. ಮೂರನೆಯ ಪುಸ್ತಕವಾದ ಯಾಜಕಕಾಂಡದ ಬಲಿಗಳ ಲೆಕ್ಕ ಬರುವ ಹೊತ್ತಿಗೆ ಪರೀಕ್ಷೆಯ ಕೆಲಸ, ಮದುವೆ, ಏನಾದರೊಂದು ಅಡ್ಡ ಬರುತ್ತಿತ್ತು. ಬರದಿದ್ದರೆ ನಾನೇ ಹುಡುಕುತ್ತಿದ್ದೆ. ಬಿಟ್ಟಲ್ಲಿಂದ ಹಿಡಿಯುವುದು ಸರಿಯಲ್ಲವೆಂದು ಮರುವರ್ಷ ಮತ್ತೆ ಮೊದಲಿಂದ.

ಒಮ್ಮೆ ನಮ್ಮ ಪಾಸ್ಟರು ಮನೆಗೆ ಪ್ರಾರ್ಥನೆಗೆ ಬಂದರು. ಮೇಜಿನ ಮೇಲಿದ್ದ ನನ್ನ ಬೈಬಲನ್ನು ತೆಗೆದು ಹಾಳೆ ತಿರುವಿದರು. ಮೊದಲ ಹಾಳೆಗಳಲ್ಲಿ ಎಣ್ಣೆ ಕೈಯ ಗುರುತು, ಅರಿಶಿನ, ಚಹಾದ ಲೋಟದ ಉಂಗುರ, ಎಲ್ಲ ಇತ್ತು. ಯಾಜಕಕಾಂಡದಿಂದ ಮುಂದೆ ಹಾಳೆಗಳು ಅಂಗಡಿಯಿಂದ ಬಂದ ಹಾಗೇ ಒಂದಕ್ಕೊಂದು ಅಂಟಿಕೊಂಡಿದ್ದವು. ಪಾಸ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಸರ, ನಿಮ್ಮ ಮನ್ಯಾಗ ದೇವರು ವರ್ಷಾ ಜಗತ್ತು ಸೃಷ್ಟಿ ಮಾಡ್ತಾನ. ಮುಂದಿನ ಕೆಲಸಕ್ಕ ಮಾತ್ರ ನೀವು ಬಿಡವಲ್ಲರಿ."

೨. ಬಾವಿಯಲ್ಲಿದ್ದ ಹುಡುಗ

ಈ ನಾಚಿಕೆಯಿಂದ ಈ ವರ್ಷ ಬೈಬಲನ್ನು ಬಸ್ಸಿಗೂ ಒಯ್ಯತೊಡಗಿದೆ. ಬೆಳಗಿನ ಬಸ್ಸಿನಲ್ಲಿ ನಾನೊಮ್ಮೆ ಓದಿಕೊಳ್ಳುವುದು, ಸಂಜೆ ಅವ್ವನಿಗೆ ಓದಿ ಹೇಳುವುದು.

ಒಂದು ದಿನ ಪಕ್ಕದಲ್ಲಿ ಹಿರೇಕೊಟ್ನೆಕಲ್ಲಿನ ರೈತನೊಬ್ಬ ಕೂತ. ಮಗಳ ಹೆರಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಆಗಿತ್ತು. ರಾತ್ರಿ ಅಲ್ಲಿದ್ದು, ಬೆಳಿಗ್ಗೆ ಎಮ್ಮೆ ನೋಡಿಕೊಳ್ಳಲು ಊರಿಗೆ ಹೋಗುತ್ತಿದ್ದ. ಏನು ಓದುತ್ತೀರಿ ಎಂದು ಕೇಳಿದ. ಯಾಕೋಬನೆಂಬ ಮುದುಕ ಹನ್ನೆರಡು ಮಕ್ಕಳಲ್ಲಿ ಯೋಸೇಫನೊಬ್ಬನಿಗೇ ಚಂದದ ಅಂಗಿ ಹೊಲಿಸಿದ ಕಥೆ ಎಂದೆ. ಒಬ್ಬನಿಗೆ ಹೊಲಿಸಿದರೆ ಜಗಳ ಆಗದೆ ಇನ್ನೇನು, ತಪ್ಪು ಮುದುಕನದೇ ಎಂದು ಅವನು ಅಲ್ಲೇ ತೀರ್ಪು ಕೊಟ್ಟ. ಜೋರಾಗಿ ಓದಿರಿ ಎಂದ. ಓದಿದೆ. ಅಣ್ಣಂದಿರು ಯೋಸೇಫನ ಅಂಗಿ ಕಿತ್ತು ಅವನನ್ನು ಬಾವಿಗೆ ನೂಕುವ ಹೊತ್ತಿಗೆ ಸರಿಯಾಗಿ ಮಾನ್ವಿ ಬಂತು. ನಾನು ಪುಸ್ತಕ ಮುಚ್ಚಿ ಎದ್ದೆ.

"ಆ ಹುಡುಗನ್ನ ಬಾವ್ಯಾಗ ಬಿಟ್ಟು ಹೆಂಗ ಇಳೀತೀರಿ ಸರ?" ಎಂದ. ಮುಖದಲ್ಲಿ ನಿಜವಾದ ಸಂಕಟವಿತ್ತು.

ಅವತ್ತು ಸಂಜೆ ನಾನು ಮುಂದಿನ ಅಧ್ಯಾಯಗಳನ್ನು ತಯಾರಿ ಮಾಡಿಕೊಂಡು ಓದಿದೆ. ಕೇಳುವವನೊಬ್ಬ ಕಾಯುತ್ತಿದ್ದಾನೆಂದರೆ ಓದಿಗೆ ಬೇರೆಯೇ ರುಚಿ ಬರುತ್ತದೆ. ಮರುದಿನ ಬಸ್ಸು ಹತ್ತಿದರೆ ಅವನು ಟವೆಲ್ ಹಾಸಿ ನನಗೆ ಸೀಟು ಹಿಡಿದಿದ್ದ. ಕೂತು, ಕೂಸು ಬಾಣಂತಿ ಹೇಗಿದ್ದಾರೆಂದು ಕೇಳಿದೆ.

"ಅವರು ಆರಾಮ ಅದಾರ್ರಿ. ನೀವು ಮೊದಲ ಅವನ್ನ ಮ್ಯಾಲಕ್ಕೆತ್ತರಿ."

೩. ಬೆರಳಿನ ಅಳತೆ

ಯಾಜಕಕಾಂಡ ಬಂತು. ಬಸ್ಸಿನಲ್ಲಿ ರೈತನಿಲ್ಲ, ಬೇಸಿಗೆ ಬೇರೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಾಳೆ, ಓದು ಬಾರದು, ಅವಳಿಗೇನು ತಿಳಿಯುತ್ತದೆ ಎಂದು ನಾನು ಕುಷ್ಠರೋಗದ ನಿಯಮಗಳ ನಾಲ್ಕು ಹಾಳೆಯನ್ನು ಮೆಲ್ಲಗೆ ಒಟ್ಟಿಗೆ ತಿರುವಿಬಿಟ್ಟೆ. ಓದು ಮುಗಿದ ಮೇಲೆ ಅವ್ವ ಎಂದಿನಂತೆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳಲು ಇಸಕೊಂಡಳು. ಓದಿದ ಹಾಳೆಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ದಿನಾ ಹಾಗೆ ಹಿಡಿದು ನೋಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಮತ್ತೊಮ್ಮೆ ಹಿಡಿದಳು.

"ಒಂದ ದಿನದಾಗ ಇಷ್ಟು ದಪ್ಪ ಹೆಂಗ ಆತೋ?"

ನಾಲ್ಕು ಹಾಳೆ ಬಿಟ್ಟದ್ದನ್ನು ಒಪ್ಪಿಕೊಂಡೆ. ಕುಷ್ಠರೋಗದವರ ನಿಯಮ ನಮಗ್ಯಾಕೆ ಎಂದೆ.

"ಅವರನ್ನ ಊರ ಹೊರಗ ಇಟ್ಟಿದ್ದರಂತ. ಈಗ ನೀನೂ ಪುಸ್ತಕದ ಹೊರಗ ಹಾಕಿದಿ," ಎಂದಳು. ಕುಳಿತು ನಾಲ್ಕೂ ಹಾಳೆ ಓದಿದೆ. ನಡುವೆ ನನಗೆ ನೀರು ತಂದುಕೊಟ್ಟು, ಇನ್ನೂ ಮಿಕ್ಕಿದೆಯೇನೋ ಎಂದು ಬೆರಳಿನಿಂದ ಅಳೆದು ನೋಡಿದಳು.

೪. ಇಪ್ಪತ್ತಮೂರು ಮಂದಿ

ವರ್ಷದ ಮೊದಲಿಗೇ ಪಾಸ್ಟರು ಚರ್ಚಿನವರಿಗೆಲ್ಲ ವಾಟ್ಸಾಪ್ ಗುಂಪು ಮಾಡಿದ್ದರು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಅವರು ಅಂದಿನ ಅಧ್ಯಾಯ ಹಾಕುವುದು, ಓದಿದವರು "ಓದಿದೆ" ಎಂದು ಬರೆಯುವುದು. ಬರಬರುತ್ತ ಮೊದಲು ಬರೆಯುವುದು, ಆಮೇಲೆ ಓದುವುದು ಎಂದಾಯಿತು. ಸುಳ್ಳೇಕೆ, ನಾನೂ ಹಾಗೇ.

ಮಳೆಗಾಲದಲ್ಲಿ ಅವ್ವ ದೇವದುರ್ಗಕ್ಕೆ, ನನ್ನ ತಂಗಿಯ ಮನೆಗೆ ಹೋದಳು. ಸಂಜೆ ಫೋನಿನಲ್ಲೇ ಓದಿ ಹೇಳುತ್ತಿದ್ದೆ. ಓದು ರೂತಳೆಂಬ ಸೊಸೆಯ ಚಿಕ್ಕ ಪುಸ್ತಕಕ್ಕೆ ಬಂದಿತ್ತು. ಒಂದು ಶನಿವಾರ ಬೆಳಿಗ್ಗೆ ಪಾಸ್ಟರು ಹಾಕಿದರು: ಇಂದಿನ ಓದು, ರೂತಳು ಐದನೇ ಅಧ್ಯಾಯ. ಕೆಳಗೆ ಇಪ್ಪತ್ತೆರಡು ಮಂದಿ ಓದಿದೆ ಎಂದಿದ್ದರು. ಒಬ್ಬರು ಬಹಳ ಸಮಾಧಾನ ಸಿಕ್ಕಿತು ಎಂದೂ ಬರೆದಿದ್ದರು. ಇಪ್ಪತ್ತಮೂರನೆಯವನಾಗಿ ನಾನೂ ಬರೆದೆ.

ಸಂಜೆ ಅವ್ವನಿಗೆ ಫೋನ್ ಮಾಡಿ, ರೂತಳು ಐದು ಎಂದು ಹೇಳಿ ಪುಸ್ತಕ ತೆರೆದೆ. ನಾಲ್ಕು ಇತ್ತು. ಅದರ ಕೆಳಗೆ ಸಮುವೇಲನ ಕಥೆ ಶುರುವಾಗಿತ್ತು. ಐದು ಇರಲೇ ಇಲ್ಲ.

"ಯಾಕ ಸುಮ್ಮನಾದಿ?" ಎಂದಳು ಅವ್ವ. ಹೇಳಲೇಬೇಕಾಯಿತು. "ಅದು ನಿನ್ನೇನ ಮುಗೀತಲ್ಲೋ. ರೂತಳಿಗೆ ಮದಿವ್ಯಾತು, ಕೂಸು ಹುಟ್ಟಿತು, ಅತ್ತಿ ಅದನ್ನ ಉಡಿಯಾಗ ಇಟಕೊಂಡಳು. ಇನ್ನೇನು ಆಗೋದದ?" ಎಂದಳು. ಯಾರ್ಯಾರು ಓದಿದ್ದಾರೆಂದು ಕೇಳಿದಳು. ಅದನ್ನೂ ಹೇಳಿದೆ. ಎಷ್ಟು ಮಂದಿ ಎಂದು ಮತ್ತೊಮ್ಮೆ ಕೇಳಿ ಫೋನು ಇಟ್ಟಳು.

ಮರುದಿನ ಭಾನುವಾರ, ಬೆಳಗಿನ ಬಸ್ಸಿಗೇ ಅವ್ವ ರಾಯಚೂರಿಗೆ ಬಂದಳು. ಚರ್ಚಿನಲ್ಲಿ ಆರಾಧನೆ ಮುಗಿಯುತ್ತಿದ್ದಂತೆ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಪಾಸ್ಟರು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಅಯ್ಯನವರ, ನನಗ ಓದಾಕ ಬರಂಗಿಲ್ಲ. ರೂತಳ ಐದನೇ ಅಧ್ಯಾಯ ನನ್ನ ಮಗನ್ನ ಹಿಡಕೊಂಡು ಇಪ್ಪತ್ತಮೂರು ಮಂದಿ ಓದ್ಯಾರಂತ. ಅದರಾಗ ಏನಾತು, ಯಾರರ ಒಬ್ಬರು ಹೇಳ್ರಿ."

ಎಲ್ಲರೂ ಪ್ರಾರ್ಥನೆಯ ಹಾಗೆ ತಲೆ ತಗ್ಗಿಸಿದರು. ಪಾಸ್ಟರು ಫೋನು ತೆಗೆದು ನೋಡಿಕೊಂಡರು. ತಪ್ಪು ತನ್ನದೆಂದರು, ಮೊದಲು ಓದಿದೆ ಎಂದು ಬರೆದವನೂ ತಾನೇ ಎಂದು ಒಪ್ಪಿಕೊಂಡರು. ದೊಡ್ಡ ಮನಸ್ಸಿನ ಮನುಷ್ಯ.

"ಹೋಗಲಿ ಬಿಡ್ರಿ," ಎಂದಳು ಅವ್ವ. "ನಾಲ್ಕರಾಗ ಏನಾತು, ಅದನ್ನರ ಹೇಳ್ರಿ."

ತಗ್ಗಿದ ತಲೆಗಳು ಇನ್ನೂ ತಗ್ಗಿದವು. ಕೊನೆಗೆ ಅವ್ವನೇ ಹೇಳಿದಳು. ಒಂದು ಹೆಸರೂ ತಪ್ಪಲಿಲ್ಲ. ನನಗೆ ನಾಚಿಕೆ ಎಷ್ಟಾಯಿತೋ ಸಂತೋಷವೂ ಅಷ್ಟೇ ಆಯಿತು. ಆಕೆ ಇಷ್ಟು ದಿನ ಕೇಳಿದ್ದು ನನ್ನ ಬಾಯಿಂದಲ್ಲವೇ.

ಸೋಮವಾರ ಸಮುವೇಲನ ಮೊದಲನೇ ಅಧ್ಯಾಯ ಬಂತು. ಮಧ್ಯಾಹ್ನದವರೆಗೆ ಗುಂಪಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಸಂಜೆಗೆ ಪಾಸ್ಟರು "ನಿಜವಾಗಿ ಓದಿದೆ" ಎಂದು ಬರೆದರು. ಅದರ ಹಿಂದೆಯೇ ಇಪ್ಪತ್ತೆರಡು ಮಂದಿ, ನಾನೂ ನಿಜವಾಗಿ ಓದಿದೆ, ನಾನೂ ನಿಜವಾಗಿ ಓದಿದೆ. ಇದನ್ನು ಅವ್ವನಿಗೆ ಓದಿ ಹೇಳಿದೆ. ಆಕೆ ಬೈಬಲಿನ ಹಾಳೆಗಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಸಮಾಧಾನದಿಂದ ಪಕ್ಕಕ್ಕಿಟ್ಟಳು.

"ಚಲೋ ಆತು. ಭಾನುವಾರ ಕೇಳ್ತೀನಿ ಅಂತ ಬರಿ."