ಎತ್ತಿ ಕುಡಿದ ಬಿಟರ್

ಪ್ರತಿಯೊಬ್ಬ ಮನುಷ್ಯನಿಗೂ ತನ್ನ ದೇಹದ ಯಾವುದಾದರೂ ಒಂದು ಅಂಗದ ಮೇಲೆ ಗುಟ್ಟಾದ ಹೆಮ್ಮೆ ಇರುತ್ತದೆ ಎಂಬುದು ನನ್ನ ನಂಬಿಕೆ. ಕೆಲವರಿಗೆ ಮೂಗು, ಕೆಲವರಿಗೆ ತಲೆಗೂದಲು, ಇನ್ನು ಕೆಲವರಿಗೆ ಐವತ್ತು ದಾಟಿದರೂ ಉಬ್ಬದ ಹೊಟ್ಟೆ. ಈ ಯಾವ ಬಾಬತ್ತಿನಲ್ಲೂ ನನ್ನ ಹತ್ತಿರ ಹೇಳಿಕೊಳ್ಳುವಂಥದ್ದಿಲ್ಲ. ಆದರೆ ನನಗೊಂದು ನಾಲಿಗೆ ಇದೆ. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಸಾರು ಕುದಿಯುವ ಹೊತ್ತಿಗೆ ಹೆಂಡತಿ ವಸುಧಾ "ರೀ, ಸ್ವಲ್ಪ ಬಂದು ಉಪ್ಪು ನೋಡಿ" ಎಂದು ಕೂಗುತ್ತಾಳೆ. ನಾನು ಹೋಗಿ ಅಂಗೈ ಚಾಚುತ್ತೇನೆ. ಅವಳು ಸೌಟಿನಿಂದ ಎರಡು ಹನಿ ಬಿಡುತ್ತಾಳೆ. ನಾನು ನೆಕ್ಕಿ, ಕಣ್ಣು ಮುಚ್ಚಿ, ತೀರ್ಪು ಕಾಯ್ದಿರಿಸಿದ ನ್ಯಾಯಾಧೀಶರ ಹಾಗೆ ಒಂದು ಗಳಿಗೆ ಸುಮ್ಮನಿದ್ದು, "ಇನ್ನೊಂಚೂರು ಬೇಕು" ಎನ್ನುತ್ತೇನೆ. ಅವಳು ಒಲೆಯ ಕಡೆ ತಿರುಗಿ ಸರಿಮಾಡುತ್ತಾಳೆ. ಮತ್ತೆ ನೆಕ್ಕಿ, "ಈಗ ಸರಿಯಾಯ್ತು" ಎಂದು ಹೇಳಿ ಹೊರಡುತ್ತೇನೆ. ವಸುಧಾ ಸಾಮಾನ್ಯಳಲ್ಲ. ಫೇರ್‌ಫ್ಯಾಕ್ಸ್‌ನಲ್ಲಿ ನಾವು ಬಂದು ನೆಲೆಸಿದ ಈ ಪರದೇಶದ ಸರ್ಕಾರದ ಕೆಲಸ ಹಿಡಿದ ಕಂಪನಿಯೊಂದರಲ್ಲಿ ದೊಡ್ಡ ತಂಡವನ್ನು ನಡೆಸುವವಳು. ಅಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲವಂತೆ. ಅಂಥವಳು ದಿನವೂ ಸೌಟು ಹಿಡಿದು ನನ್ನ ತೀರ್ಪಿಗೆ ಕಾಯುತ್ತಾಳೆ ಎಂದರೆ ನನ್ನ ನಾಲಿಗೆಯ ದರ್ಜೆಯನ್ನು ನೀವೇ ಊಹಿಸಿಕೊಳ್ಳಿ.

ಹಬ್ಬದ ದಿನ ಮಾತ್ರ ನನ್ನ ನಾಲಿಗೆಗೆ ರಜೆ. ನೈವೇದ್ಯಕ್ಕಿಡುವ ಅಡಿಗೆಯನ್ನು ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅವತ್ತು ವಸುಧಾ ಪಾತ್ರೆಯ ಮೇಲೆ ಬಾಗಿ, ಏಳುವ ಹಬೆಯನ್ನೊಮ್ಮೆ ಎಳೆದುಕೊಂಡು, ಏನೋ ಒಂದಿಷ್ಟು ಉದುರಿಸಿ ಮುಚ್ಚಿಬಿಡುತ್ತಾಳೆ. ಆಶ್ಚರ್ಯವೆಂದರೆ ಆ ದಿನಗಳಲ್ಲೂ ಉಪ್ಪು ಹುಳಿ ಖಾರ ಹದವಾಗಿಯೇ ಇರುತ್ತಿತ್ತು. ಅದನ್ನು ನಾನು ದೇವರ ಮಹಿಮೆ ಎಂದುಕೊಂಡಿದ್ದೆ.

ನನ್ನ ನಾಲಿಗೆ ಅಡಿಗೆಮನೆಯ ಹೊಸ್ತಿಲು ದಾಟಿ ದೊಡ್ಡ ಪ್ರಪಂಚಕ್ಕೆ ಬಿದ್ದದ್ದು ಎಲ್ಲರೂ ಮನೆಯೊಳಗೆ ಬಂದಿಯಾಗಿದ್ದ ಕೋವಿಡ್ ಕಾಲದಲ್ಲಿ. ಆಶ್‌ಬರ್ನ್‌ನಲ್ಲಿ ನಮ್ಮ ಟೌನ್‌ಹೌಸಿನ ಗೋಡೆಗೆ ಅಂಟಿಕೊಂಡ ಪಕ್ಕದ ಮನೆಯಲ್ಲಿ ನಾರ್ಮನ್ ಎಂಬ ಇಂಗ್ಲೆಂಡಿನ ಹಿರಿಯರಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಸಂಜೆ ಅವರು ತಮ್ಮ ಡ್ರೈವ್‌ವೇನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ನಾನು ನನ್ನ ಗ್ಯಾರೇಜಿನ ಬಾಯಲ್ಲಿ ಕೂರುತ್ತಿದ್ದೆ. ಒಂದು ದಿನ ನಡುವಿನ ಹುಲ್ಲಿನ ಮೇಲೆ ಒಂದು ಬಾಟಲಿ ಇಟ್ಟು, ಹಿಂದೆ ಸರಿದು, ಕುಡಿದು ನೋಡು ಎಂದು ಸನ್ನೆ ಮಾಡಿದರು. ಏನು ಇದು ಎಂದರೆ ಬಿಟರ್, ಏಲ್ ಎನ್ನುವ ಇಂಗ್ಲಿಷ್ ಬಿಯರಿನ ಒಂದು ಜಾತಿ ಎಂದರು. ಬಿಟರ್ ಎಂದ ಮೇಲೆ ಬೇವಿನ ಕಷಾಯದಂಥದ್ದೇನೋ ಇರಬೇಕೆಂದು ಹಲ್ಲು ಕಚ್ಚಿ ಕುಡಿದೆ. ಕಹಿ ಬರಲೇ ಇಲ್ಲ. ಕಾದೆ. ನುಂಗಿ ಆದಮೇಲೆ, ಮರೆತುಹೋಗಿದ್ದ ನೆಂಟರು ಬಾಗಿಲು ತಟ್ಟಿದ ಹಾಗೆ, ಗಂಟಲ ಹತ್ತಿರ ಮೆಲ್ಲಗೆ ಬಂತು. ಬೆಲ್ಲ ಹಾಕಿದ ಹಾಗಲಕಾಯಿ ಗೊಜ್ಜು ಎಂದು ನಾನು ತಕ್ಷಣ ತೀರ್ಮಾನ ಕೊಟ್ಟೆ. ನಾರ್ಮನ್‌ಗೆ ಗೊಜ್ಜು ಗೊತ್ತಿಲ್ಲ, ಆದರೆ ನನ್ನ ಧೋರಣೆ ನೋಡಿ ಇವನು ತಿಳಿದವನು ಎಂದುಕೊಂಡರು.

ನಮ್ಮಿಬ್ಬರಿಗೂ ಒಂದೇ ಒಂದು ವಿಷಯದಲ್ಲಿ ಜಗಳ. ನಾನು ಕೆಲಸ ಮಾಡುವುದು ಡೇಟಾ ಸೆಂಟರಿನಲ್ಲಿ. ಬಿಸಿಯಾಗುವ ಯಂತ್ರಗಳನ್ನು ತಣ್ಣಗಿಡುವುದೇ ನನ್ನ ಜೀವನೋಪಾಯ. ಇಂಗ್ಲಿಷ್ ಏಲನ್ನು ಫ್ರಿಜ್ಜಿನಲ್ಲಿ ಇಡಬಾರದು, ನೆಲಮಾಳಿಗೆಯ ತಂಪು ಸಾಕು ಎಂದು ಅವರು ಹೇಳಿದಾಗ ನನ್ನ ವೃತ್ತಿಗೇ ಅವಮಾನವಾದ ಹಾಗಾಯಿತು. ತೀರಾ ತಣ್ಣಗಾದರೆ ಘಮ ಸತ್ತುಹೋಗುತ್ತದೆ ಎಂದು ಅವರ ವಾದ. ಹಿರಿಯರು, ಏನೋ ಹೇಳುತ್ತಾರೆ ಎಂದು ಬಿಟ್ಟೆ.

ಅಲ್ಲಿಂದ ಶನಿವಾರದ ಸಂಜೆಗಳು ಶುರುವಾದವು. ಎರಡು ಬೀದಿ ಆಚೆಯಿರುವ ಧಾರವಾಡದ ಡಾಕ್ಟರ್ ಪಾಟೀಲರೂ ಬಂದು ಸೇರಿಕೊಂಡರು. ನಾರ್ಮನ್ ಬಾಟಲಿಗಳನ್ನು ಒದಗಿಸುವುದು, ನಾವು ಗ್ಯಾರೇಜಿನಲ್ಲಿ ಕೂತು ಹೋಲಿಸುವುದು. ಇಲ್ಲಿ ಒಂದು ತಾಂತ್ರಿಕ ತೊಡಕು ಎದುರಾಯಿತು. ನೈವೇದ್ಯದ ಅಡಿಗೆಯಾಗುವ ಮನೆಯ ಲೋಟಗಳನ್ನು "ಅದಕ್ಕೆ" ಕೊಡುವುದಿಲ್ಲ ಎಂದು ವಸುಧಾ ಖಡಾಖಂಡಿತವಾಗಿ ಹೇಳಿದ್ದಳು. ನಾರ್ಮನ್ ತಮ್ಮ ಗ್ಲಾಸು ಕೊಡಲು ಬಂದರೆ ಕೋವಿಡ್ ಭಯ. ಹೀಗಾಗಿ ಒಂದು ಬಾಟಲಿಯಲ್ಲಿ ಇಬ್ಬರು. ಎಂಜಲಾಗುತ್ತದಲ್ಲ? ನನ್ನ ತಾಯಿ ಚಿಕ್ಕಂದಿನಲ್ಲಿ ಚೊಂಬಿಗೆ ತುಟಿ ಸೋಕಿದರೆ ತಲೆಗೆ ಮೊಟಕುತ್ತಿದ್ದರು. ಆ ವಿದ್ಯೆ ಈಗ ಕೈಹಿಡಿಯಿತು. ಬಾಟಲಿಯನ್ನು ಗೇಣೆತ್ತರ ಎತ್ತಿ, ಬಾಯಿ ತೆರೆದು, ಧಾರೆಯನ್ನು ನೇರವಾಗಿ ಗಂಟಲಿಗೆ ಇಳಿಸುವುದು. ಪಾಟೀಲರ ಅಂಗಿಯ ಕಾಲರು ಮೊದಲೆರಡು ವಾರ ಒದ್ದೆಯಾಯಿತು, ಆಮೇಲೆ ಅವರ ಕೈಯೂ ಪಳಗಿತು. ಎಂಜಲು ಮಾಡಬಾರದು ಅಂದದ್ದು ಪಕ್ಕಾ ಸೈನ್ಸ್ ಎಂದು ಡಾಕ್ಟರಾಗಿ ಅವರು ಸರ್ಟಿಫಿಕೇಟನ್ನೂ ಕೊಟ್ಟರು. ಆಚೆ ಕುರ್ಚಿಯಲ್ಲಿ ನಾರ್ಮನ್ ಇದನ್ನೆಲ್ಲ ನೋಡುತ್ತ, ತುಸು ಗಂಭೀರವಾಗಿ, ಗೌರವದಿಂದ ತಲೆಯಾಡಿಸುತ್ತಿದ್ದರು.

ಹೀಗೆ ಎತ್ತಿ ಕುಡಿದೇ ನಾನು ಇಂಗ್ಲೆಂಡಿನ ಏಲುಗಳ ಕುಲಗೋತ್ರವನ್ನೆಲ್ಲ ನಿರ್ಧರಿಸಿದೆ. ಕಪ್ಪಗಿದ್ದರೂ ಸೌಮ್ಯವಾದ ಮೈಲ್ಡ್ ಎಂಬುದು ಎರಡನೇ ಡಿಕಾಕ್ಷನ್ನಿನ ಕಾಫಿ. ಬ್ರೌನ್ ಏಲ್ ಹುರಿಗಡಲೆ. ಪೇಲ್ ಏಲ್‌ನಲ್ಲಿ ನಿಂಬೆಯ ಸುಳಿವು. ಓಲ್ಡ್ ಏಲ್ ಎಂದರೆ ಪಾಯಸದಲ್ಲಿ ಉಬ್ಬಿದ ದ್ರಾಕ್ಷಿ. ಸಾದಾ ಬಿಟರ್ ಗೊಜ್ಜು, ಬೆಸ್ಟ್ ಬಿಟರ್ ಮಾರನೆಯ ದಿನದ ಗೊಜ್ಜು. ನಾನು ಒಂದೊಂದನ್ನೇ ಘೋಷಿಸುವಾಗ ಪಾಟೀಲರು "ಹೌದ್ ನೋಡ್ರಿ, ನೀವಂದ ಮ್ಯಾಲ ನನಗೂ ಹಂಗ ಅನಸಾಕತ್ತೈತಿ" ಎನ್ನುತ್ತಿದ್ದರು. ಎರಡು ಬಾಟಲಿಗಳ ರುಚಿ ಒಂದೇ ಥರ ಅನ್ನಿಸಿದಾಗ ನಾನು ಸೂಕ್ಷ್ಮ ವ್ಯತ್ಯಾಸ ಎಂಬ ಪದವನ್ನು ಬಳಸುತ್ತಿದ್ದೆ. ಅದು ಬಹಳ ಉಪಯೋಗದ ಪದ.

ಆಮೇಲೆ ನಾರ್ಮನ್‌ಗೆ ಕೋವಿಡ್ ಬಂತು. ವಸುಧಾ ಬಾಗಿಲ ಮುಂದೆ ತಿಳಿಸಾರು ಇಟ್ಟು ಬರುತ್ತಿದ್ದಳು. ಜ್ವರ ಹೋಯಿತು, ಕೆಮ್ಮು ಹೋಯಿತು, ಆದರೆ ಮೂಗು ಹಿಂದಿರುಗಲಿಲ್ಲ. ಎಲ್ಲರಿಗೂ ಕೆಲವು ವಾರದಲ್ಲಿ ಬಂದದ್ದು ಅವರಿಗೆ ವರ್ಷ ಕಳೆದರೂ ಬರಲಿಲ್ಲ. ಏಲ್ ಕುಡಿದರೆ ಒದ್ದೆಯ ಅರಿವು ಮಾತ್ರ ಆಗುತ್ತದೆ ಎನ್ನುತ್ತಿದ್ದರು. ಅವರು ಅದನ್ನು ನಗುತ್ತಲೇ ಹೇಳಿದರೂ ನನಗೆ ಸಂಕಟವಾಯಿತು. ಶನಿವಾರ ಬಾಟಲಿ ತಂದುಕೊಟ್ಟು, ತಾವು ಖಾಲಿ ಕೈಯಲ್ಲಿ ಕೂತು, ಹೇಗಿದೆ ಎಂದು ನಮ್ಮನ್ನು ಕೇಳುತ್ತಿದ್ದರು. ನಾನು ಮೊದಲಿಗಿಂತ ಹೆಚ್ಚು ವಿಸ್ತಾರವಾಗಿ ವರ್ಣಿಸತೊಡಗಿದೆ.

ಕಳೆದ ವಸಂತದಲ್ಲಿ ಅವರು ಬೇಲಿಯ ಹತ್ತಿರ ಬಂದು ಒಂದು ಉಪಕಾರ ಕೇಳಿದರು. ಇಂಗ್ಲೆಂಡಿನಿಂದ ಅವರ ತಮ್ಮ ಬರುವವನಿದ್ದ. ಇಬ್ಬರೂ ಮುಖ ನೋಡಿ ಬಹಳ ವರ್ಷವಾಗಿತ್ತು, ತಮ್ಮನಿಗೂ ಮೈ ಅಷ್ಟಕ್ಕಷ್ಟೆ, ಮತ್ತೊಮ್ಮೆ ಬರುವ ಭರವಸೆಯಿಲ್ಲ. ಚಿಕ್ಕವರಿದ್ದಾಗ ಅವರ ತಂದೆ ಗಿರಣಿಯಿಂದ ಬರುತ್ತ ಮೂಲೆಯ ಪಬ್ಬಿನಲ್ಲಿ ಬಿಟರ್ ಕುಡಿದು, ಕೋಟಿನ ತುಂಬ ಅದರ ಘಮ ಹೊತ್ತು ಮನೆಗೆ ಬರುತ್ತಿದ್ದರಂತೆ. ಆ ಬಿಟರ್ ತಯಾರಿಸುತ್ತಿದ್ದ ಬ್ರೂವರಿ ಮುಚ್ಚಿ ಎಷ್ಟೋ ಕಾಲವಾಯಿತು. ಇಲ್ಲೇ ಪಶ್ಚಿಮಕ್ಕೆ, ಡೇಟಾ ಸೆಂಟರುಗಳು ಮುಗಿದು ಕುದುರೆಗಳು ಮೇಯುವ ಬಯಲು ಶುರುವಾಗುವ ಕಡೆ, ಒಂದು ಚಿಕ್ಕ ಬ್ರೂವರಿಯವರು ಇಂಗ್ಲಿಷ್ ಥರದ ಬಿಟರ್‌ಗಳನ್ನು ಮಾಡುತ್ತಾರೆ, ಅದರಲ್ಲಿ ತಮ್ಮೂರಿನದಕ್ಕೆ ಹತ್ತಿರವಾದ ಒಂದು ಪೀಪಾಯಿ ತರಬೇಕು ಎಂದು ಅವರ ಆಸೆ. ಆರಿಸಲು ತಮಗೆ ಮೂಗಿಲ್ಲ. ನಿನ್ನ ನಾಲಿಗೆಯನ್ನು ಒಂದು ಮಧ್ಯಾಹ್ನಕ್ಕೆ ಎರವಲು ಕೊಡು ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡೆ ಎನ್ನುವುದಕ್ಕಿಂತ, ಇಷ್ಟು ದಿನ ಯಾಕೆ ಕೇಳಲಿಲ್ಲ ಎಂಬ ಮುಖ ಮಾಡಿದೆ.

ನಾನು ಕುಡಿಯುವವನಾದ್ದರಿಂದ ವಸುಧಾ ಡ್ರೈವ್ ಮಾಡಿದಳು. ಬ್ರೂವರಿಯ ಹುಡುಗಿ ಮೂರು ಪುಟ್ಟ ಗ್ಲಾಸುಗಳಲ್ಲಿ ಮೂರು ಬಿಟರ್ ತಂದಿಟ್ಟಳು. ನಾರ್ಮನ್ ತಮ್ಮ ತಂದೆಯ ಬಿಟರನ್ನು ನನಗೆ ವಿವರಿಸಿದರು. ಬ್ರೆಡ್ಡಿಗೆ ಹಚ್ಚುವ ಕಿತ್ತಳೆ ಮಾರ್ಮಲೇಡಿನ ಘಮ, ಅದರ ಹಿಂದೆ ಅಂಚು ಸೀದ ರೊಟ್ಟಿ, ಎಲ್ಲಕ್ಕಿಂತ ಹಿಂದೆ ಮಳೆಗೆ ನೆನೆದು ಒಣಗಿದ ಹುಲ್ಲು. ನಾನು ತಲೆಯಾಡಿಸಿ, ಮೊದಲ ಗ್ಲಾಸನ್ನು ಗೇಣೆತ್ತರ ಎತ್ತಿ, ಬಾಯಿ ತೆರೆದು ಸುರಿದುಕೊಂಡೆ. ಹುಡುಗಿಯ ಕಣ್ಣು ಅಗಲವಾಯಿತು. ಮೂರನ್ನೂ ಮುಗಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಎರಡನೆಯದು" ಎಂದೆ.

ನಾರ್ಮನ್ ಖಾಲಿ ಗ್ಲಾಸುಗಳನ್ನು ಒಂದು ಪಕ್ಕಕ್ಕೆ ಸರಿಸಿದರು. ಆಮೇಲೆ ಬಹಳ ನಯವಾಗಿ, ತಪ್ಪು ತಿಳಿಯಬಾರದು, ವರ್ಷಗಳಿಂದ ಕೇಳಬೇಕೆಂದಿದ್ದೆ ಎಂದು ಶುರುಮಾಡಿದರು. ನೀವು ಹಾಗೆ ಮೇಲಿನಿಂದ ಹೊಯ್ದುಕೊಳ್ಳುವುದು ನಿಮ್ಮ ಧರ್ಮದ ವಿಧಿ ಎಂದು ತಿಳಿದು ಮಾತಾಡಲಿಲ್ಲ. ಆದರೆ ಹಾಗೆ ಕುಡಿದರೆ ಮೂಗಿಗೆ ಏನಾದರೂ ಸಿಗುತ್ತದೆಯೇ? ಮೂಗು ಹೋದ ಮೇಲೆ ನನಗೆ ತಿಳಿದದ್ದು, ರುಚಿ ಅನ್ನುವುದರಲ್ಲಿ ಬಹುಪಾಲು ಮೂಗಿನದೇ ಎಂದು.

ನಾನು ಸೋಲೊಪ್ಪುವವನಲ್ಲ. ಇನ್ನೊಂದು ಸುತ್ತು ತರಿಸಿ, ತಾಯಿಯ ಕ್ಷಮೆ ಕೇಳಿಕೊಂಡು, ಜೀವನದಲ್ಲಿ ಮೊದಲ ಸಲ ಬಿಟರಿನ ಗ್ಲಾಸಿಗೆ ತುಟಿ ಹಚ್ಚಿ, ಮೂಗನ್ನೂ ಒಳಗೆ ಬಿಟ್ಟು ಗುಟುಕರಿಸಿದೆ. ಗೊಜ್ಜೂ ಇರಲಿಲ್ಲ, ಡಿಕಾಕ್ಷನ್ನೂ ಇರಲಿಲ್ಲ. ಯಾವುದೋ ಬೇರೆಯದೇ ಪಾನೀಯ. ಇಷ್ಟು ವರ್ಷ ಧಾರೆ ನನ್ನ ನಾಲಿಗೆಯನ್ನು ಹಾರಿಕೊಂಡು ನೇರವಾಗಿ ಹೊಟ್ಟೆಗೆ ಹೋಗಿತ್ತು. ಮೂರರಲ್ಲೂ ಏನೇನೋ ಘಮ, ಆದರೆ ಯಾವುದು ಮಾರ್ಮಲೇಡು, ಯಾವುದು ಹುಲ್ಲು ಎಂದು ಹೇಳಲು ನನಗೆ ಗುರುತಿನವರೇ ಸಿಗಲಿಲ್ಲ. ಎದುರಿಗೆ ನಾರ್ಮನ್ ನನ್ನ ಬಾಯನ್ನೇ ನೋಡುತ್ತ ಕೂತಿದ್ದರು. ಸೂಕ್ಷ್ಮ ವ್ಯತ್ಯಾಸ ಎಂಬ ಪದ ನಾಲಿಗೆಯ ತುದಿಗೆ ಬಂತು. ಆ ಮುದುಕರ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ. ಗೊತ್ತಾಗುತ್ತಿಲ್ಲ ಎಂದುಬಿಟ್ಟೆ.

ಆಗ ವಸುಧಾ ಕಾರಿನ ಕೀಯನ್ನು ಮೇಜಿನ ಮೇಲಿಟ್ಟು ಗ್ಲಾಸುಗಳನ್ನು ತನ್ನ ಕಡೆ ಎಳೆದುಕೊಂಡಳು. ಇವಳು ಒಂದು ಹನಿಯನ್ನೂ ಬಾಯಿಗೆ ಹಾಕಿದವಳಲ್ಲ. ಈಗಲೂ ಹಾಕಲಿಲ್ಲ. ಗೌರಿ ಹಬ್ಬದ ದಿನ ಹುಳಿಯ ಪಾತ್ರೆಯ ಮೇಲೆ ಬಾಗುವ ಹಾಗೆಯೇ ಬಾಗಿ, ಒಂದೊಂದನ್ನೂ ಮೂಸಿದಳು. ಹುಲ್ಲು ಹಸಿಯೋ ಒಣಗಿದ್ದೋ ಎಂದು ನಾರ್ಮನ್‌ರನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡಳು.

"ಮೂರನೇದು ಕಣ್ರೀ," ಎಂದಳು ನನ್ನ ಕಡೆ ತಿರುಗಿ. "ಇದರಲ್ಲಿ ಹೇರಳೆಕಾಯಿ ಸಿಪ್ಪೆ ಇದೆ, ಸೀದ ಬ್ರೆಡ್ ಇದೆ. ನೀವು ಹೇಳಿದ ಎರಡನೇದು ಬರೀ ಬೆಲ್ಲ."

ಮೂರನೆಯದರ ಪೀಪಾಯಿಯೇ ಬಂತು. ನಾರ್ಮನ್‌ರ ಹಿತ್ತಿಲಿನಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ, ಅವರ ತಮ್ಮ ಮೊದಲ ಗ್ಲಾಸನ್ನು ಮೂಗಿನ ಹತ್ತಿರ ತಂದವನು ಕುಡಿಯಲೇ ಇಲ್ಲ. ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ಅಣ್ಣನ ಕಡೆ ತಿರುಗಿ, "ಅಪ್ಪನ ಕೋಟು" ಎಂದ, ಅವರ ಭಾಷೆಯಲ್ಲಿ, ಅಷ್ಟೇ. ನಾರ್ಮನ್ ತಮ್ಮ ಗ್ಲಾಸಿಗೆ ತುಟಿ ಹಚ್ಚಿದರು. ಅವರಿಗೆ ಒದ್ದೆಯಲ್ಲದೆ ಬೇರೇನೂ ತಿಳಿದಿರಲಾರದು. ಆದರೆ ತಮ್ಮನ ಮುಖವನ್ನು ನೋಡುತ್ತಲೇ ಇಡೀ ಗ್ಲಾಸನ್ನು ಮುಗಿಸಿದರು. ಪಾಟೀಲರು ಕರ್ಚೀಫು ತೆಗೆದರು. ನನಗೂ ಕಣ್ಣು ತುಂಬಿತು, ಅದನ್ನು ಮುಚ್ಚಿಡಲು ನನ್ನ ಗ್ಲಾಸನ್ನು ಅಭ್ಯಾಸಬಲದಿಂದ ಎತ್ತಿ ಸುರಿದುಕೊಂಡೆ, ಅಂಗಿಯೆಲ್ಲ ಒದ್ದೆಯಾಯಿತು.

ಮರುದಿನ ಅಡಿಗೆಮನೆಯಲ್ಲಿ ನನಗೊಂದು ಅನುಮಾನ ಎದ್ದು ಕೂತಿತು. ಬರೀ ಮೂಸಿಯೇ ಎಲ್ಲ ಹೇಳಬಲ್ಲವಳು ನನ್ನನ್ನು ದಿನಾ ಯಾಕೆ ಕರೆಯುತ್ತಾಳೆ? ಕೇಳಿಯೇಬಿಟ್ಟೆ. ವಸುಧಾ ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ.

"ಕರೀದೇ ಇದ್ರೆ ನೀವು ಈ ಕಡೆ ಬರ್ತೀರಾ? ದಿನಕ್ಕೊಂದು ಸಲ ಆದ್ರೂ ಬಂದು ನಿಂತ್ಕೊಳ್ಳಲಿ ಅಂತ."

"ಅಲ್ಲ, ನಾನು ಹೇಳಿದ ಮೇಲೆ ಹಾಕ್ತಿದ್ದ ಉಪ್ಪು?"

"ಹಾಕಿದ್ದು ಯಾವತ್ತು? ಸೌಟು ತಿರುಗಿಸ್ತಿದ್ದೆ, ಅಷ್ಟೇ."

ಎಂದರೆ ಇಷ್ಟು ವರ್ಷ, ಅದೇ ಸಾರನ್ನು ಮೊದಲು ಸಪ್ಪೆ ಎಂದು, ಒಂದು ನಿಮಿಷದ ನಂತರ ಸರಿಯಾಯಿತೆಂದು ತೀರ್ಪು ಕೊಟ್ಟವನು ನಾನು. ಬೇರೆ ಯಾರಾದರೂ ಆಗಿದ್ದರೆ ಕುಗ್ಗಿಹೋಗುತ್ತಿದ್ದರು. ನಾನು ಯೋಚಿಸಿದೆ. ಕೊನೆಯ ತೀರ್ಪು ಪ್ರತಿ ಸಲವೂ ಸರಿಯಾಗಿಯೇ ಇತ್ತಲ್ಲ, ಇಂಥ ದಾಖಲೆ ಎಷ್ಟು ಜನರಿಗಿದೆ? ಅಷ್ಟರಲ್ಲಿ ಸಾರು ಕುದಿಯಿತು. ವಸುಧಾ ಸೌಟು ಹಿಡಿದು "ರೀ" ಎಂದಳು. ನಾನು ಅಂಗೈ ಚಾಚಿದೆ, ನೆಕ್ಕಿದೆ, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದೆ.

"ಇನ್ನೊಂಚೂರು ಬೇಕು," ಎಂದೆ.

ಅವಳು ನನ್ನ ಎದುರಿಗೇ, ಬರೀ ಸೌಟನ್ನು, ಎರಡು ಸುತ್ತು ತಿರುಗಿಸಿ ಮತ್ತೆ ಅಂಗೈಗೆ ಬಿಟ್ಟಳು. ನಿಜ ಹೇಳುತ್ತೇನೆ, ಸರಿಯಾಗಿತ್ತು.