ಗೋಲಿನ ಹಿಂದೆ, ಅಪ್ಪನ ಮುಂದೆ

ನಾನು ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಹಿರೋಷಿಮಾದಲ್ಲಿ. ಹಾಗಾಗಿ ಬಾಯಿ ಬಿಟ್ಟಲ್ಲೆಲ್ಲ ಏನಾದರೊಂದು ಎಡವಟ್ಟು ಇವತ್ತಿಗೂ ಆಗುತ್ತಲೇ ಇರುತ್ತದೆ. ಈ ಎಡವಟ್ಟುಗಳ ತವರುಮನೆ ಮಾತ್ರ ಹಿರೋಷಿಮಾದ ಫುಟ್‌ಬಾಲ್ ಸ್ಟೇಡಿಯಂ.

ಅಲ್ಲಿ ಗೋಲಿನ ಹಿಂದೆ ಮಕ್ಕಳು ನಿಂತು ನೋಡುವುದಕ್ಕೆಂದೇ ಒಂದು ಜಾಗ ಇತ್ತು. ಆರನೇ ಕ್ಲಾಸಿನವರೆಗಿನ ಮಕ್ಕಳು ಮುಂದೆ ಕಂಬಿ ಹಿಡಿದು ನಿಲ್ಲಬೇಕು, ಅಪ್ಪ ಅಮ್ಮಂದಿರು ಹಗ್ಗದ ಹಿಂದೆ. ಅಪ್ಪ ಪ್ರತಿ ಶನಿವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದುದು ಫುಟ್‌ಬಾಲಿನ ಹುಚ್ಚಿಗಲ್ಲ. ನಾಲ್ಕನೇ ಕ್ಲಾಸಿನ ರಜೆಯಲ್ಲಿ ಮೈಸೂರಿಗೆ ಹೋದಾಗ ನಾನು "ಅಜ್ಜಿ ಬಂದ" ಅಂದಿದ್ದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರೀತಿಯಿಂದಲೇ ನಕ್ಕಿದ್ದು, ಆದರೆ ಅಂದಿನಿಂದ ನಾನು ಕನ್ನಡ ಮಾತಾಡುವುದನ್ನೇ ಬಿಟ್ಟೆ. ಅರ್ಥವೆಲ್ಲ ಆಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ. ಸ್ಟೇಡಿಯಂ ಗೇಟಿನೊಳಗೆ ಬರೀ ಕನ್ನಡ ಅಂತ ಅಪ್ಪ ಒಪ್ಪಂದ ಮಾಡಿಕೊಂಡ. ನಾನೂ ಒಪ್ಪಿದೆ. ಗೇಟು ದಾಟಿದ ಮೇಲೆ ಆದಷ್ಟೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ.

ಆರನೇ ಕ್ಲಾಸು ಮುಗಿದರೆ ಆ ಜಾಗವೂ ಇಲ್ಲ, ನಮ್ಮ ಶನಿವಾರವೂ ಇಲ್ಲ. ಅಷ್ಟರೊಳಗೆ ಮಗಳ ಬಾಯಿಂದ ಒಂದೇ ಒಂದು ಕನ್ನಡ ಮಾತು ಕೇಳಬೇಕು ಅನ್ನುವುದು ಅಪ್ಪನ ಆಸೆ.

ಟವೆಲ್ ರಿಸರ್ವೇಶನ್

ಮೊದಲ ದಿನ ಟಿಕೆಟ್ ನೋಡಿ ಅಪ್ಪನಿಗೆ ರೇಗಿತು. ಟಿಕೆಟ್ ತಗೊಂಡೂ ಸ್ಟ್ಯಾಂಡಿಂಗಾ, ಇದೇನು ಸಿಟಿ ಬಸ್ಸಾ ಅಂತ ಗೊಣಗಿದ. ಆದರೆ ಬಸ್ಸಿನ ಅಭ್ಯಾಸ ಎಲ್ಲಿ ಹೋಗುತ್ತದೆ? ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವವರ ಹಾಗೆ, ಮನೆಯಿಂದ ತಂದಿದ್ದ ಚೌಕಳಿ ಟವೆಲ್ಲನ್ನು ಹಗ್ಗದ ಆಚೆಯಿಂದಲೇ ಎಸೆದು ಕಂಬಿಯ ಮೇಲೆ ನನಗೊಂದು ಜಾಗ ಹಿಡಿದ. ಪಕ್ಕದ ಮಕ್ಕಳು ಇದು ಭಾರತದವರ ಹುರಿದುಂಬಿಸುವ ಪದ್ಧತಿ ಇರಬೇಕು ಅಂದುಕೊಂಡರು. ಕುತ್ತಿಗೆಗೆ ಹಾಕಿಕೊಂಡಿದ್ದ ತಂಡದ ಟವೆಲ್ಲುಗಳನ್ನು ತೆಗೆದು ಸಾಲಾಗಿ ಕಂಬಿಗೆ ನೇತುಹಾಕಿದರು.

ಮನೆಯಲ್ಲಿ ಟಿವಿ ನೋಡುತ್ತಿದ್ದ ಅಮ್ಮ, ನಾವು ಬಾಗಿಲು ತೆಗೆಯುತ್ತಿದ್ದಂತೆ ಕೇಳಿದಳು: "ಗೋಲಿನ ಹಿಂದೆ ಯಾರ ಮನೆ ಬಟ್ಟೇರೀ ಒಣಗಿಸಿದ್ದು?"

ಕ್ಯಾಚ್

ಇನ್ನೊಂದು ಸಲ ನಮ್ಮ ಆಟಗಾರ ಒದ್ದ ಚೆಂಡು ಗೋಲಿನ ಮೇಲಿಂದ ಹಾರಿ ಸೀದಾ ಅಪ್ಪ ಅಮ್ಮಂದಿರ ಕಡೆ ಬಂತು. ಎಲ್ಲರೂ ತಲೆ ತಗ್ಗಿಸಿದರು. ಗಲ್ಲಿ ಕ್ರಿಕೆಟ್ ಆಡಿ ಬೆಳೆದ ನಮ್ಮಪ್ಪ ಬಿಡುತ್ತಾನೆಯೇ? ಹಿಂದೆ ಹಿಂದೆ ಓಡಿ ಎರಡೂ ಕೈಯಲ್ಲಿ ಹಿಡಿದ. ಹಿಡಿದು ಸುಮ್ಮನಿದ್ದನೇ, ಅದೂ ಇಲ್ಲ. ಅಂಪೈರಿನ ಹಾಗೆ ಒಂದು ಬೆರಳೆತ್ತಿ ಔಟ್ ಅಂತ ತೋರಿಸಿದ. ಮಕ್ಕಳಿಗೆ ಏನು ಗೊತ್ತು, ಎಲ್ಲರೂ ಒಂದೊಂದು ಬೆರಳೆತ್ತಿದರು. ಗೋಲು ತಪ್ಪಿಸಿಕೊಂಡಿದ್ದ ಆ ಆಟಗಾರ, ಮಕ್ಕಳು ತನ್ನನ್ನು ನಂಬರ್ ಒನ್ ಅನ್ನುತ್ತಿದ್ದಾರೆ ಅಂದುಕೊಂಡು ನಮ್ಮ ಕಡೆ ತಿರುಗಿ ಸೊಂಟ ಬಗ್ಗಿಸಿ ವಂದಿಸಿದ.

ಕ್ಯಾಚು ಹೇಗಿತ್ತು ಅಂತ ಅಪ್ಪ ನನ್ನ ಕೇಳಿದ. ಚೆನ್ನಾಗಿತ್ತು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ನಾನು "ಸುಗೋಯ್" ಅಂದುಬಿಟ್ಟೆ. ಅರ್ಥ ಅದೇ, ಭಾಷೆ ಬೇರೆ. ಅಪ್ಪ ನಕ್ಕ, ಸ್ವಲ್ಪ ಸಪ್ಪಗೆ.

ಅಜ್ಜಿಗೆ ಹಾಯ್

ಜಪಾನಿಯಲ್ಲಿ ಹೌದು ಅನ್ನುವುದಕ್ಕೆ ‘ಹಾಯ್’ ಅನ್ನುತ್ತಾರೆ. ಒಂದು ಶನಿವಾರ ಮಧ್ಯಂತರದಲ್ಲಿ ಅಪ್ಪ ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಊಟ ಆಯ್ತಾ ಪುಟ್ಟಿ ಅಂತ ಅಜ್ಜಿ ಕೇಳಿದರು. ಹಾಯ್ ಅಂದೆ. ಅವರೂ ಕೈ ಬೀಸಿ ಹಾಯ್ ಅಂದು, ಊಟ ಆಯ್ತಾ ಅಂತ ಮತ್ತೆ ಕೇಳಿದರು. ನಾನು ಇನ್ನೂ ಜೋರಾಗಿ ಹಾಯ್ ಅಂದೆ. ಚಳಿ ಇದೆಯಾ? ಹಾಯ್. ಸ್ವೆಟರ್ ಹಾಕಿದ್ದೀಯಾ? ಹಾಯ್. ಅಜ್ಜಿಗೆ ಕೈ ಬೀಸಿ ಬೀಸಿ ರಟ್ಟೆ ಸೋತಿತು.

"ಮಗೂಗೆ ತುಂಬಾ ಮರ್ಯಾದೆ ಕಣೋ," ಅಂದರು ಅಪ್ಪನಿಗೆ. "ಆದರೆ ಹಾಯ್ ಆದ ಮೇಲೆ ಮುಂದಿನ ಮಾತು ಯಾವಾಗ?"

ಅಪ್ಪ ಫೋನು ಜೇಬಿಗಿಟ್ಟುಕೊಂಡ. ನನಗೆ ಅಳು ಬಂತು, ಟೋಪಿ ಎಳೆದು ಮುಖ ಮುಚ್ಚಿಕೊಂಡೆ.

ಕೊನೇ ಮ್ಯಾಚು

ಆರನೇ ಕ್ಲಾಸಿನ ಕೊನೇ ಮ್ಯಾಚಿನ ದಿನ ಅಪ್ಪ ಒಪ್ಪಂದದ ಸುದ್ದಿಯೇ ಎತ್ತಲಿಲ್ಲ. ಹಗ್ಗದ ಹಿಂದೆ ಕೈಕಟ್ಟಿ ನಿಂತಿದ್ದ. ಆಸೆ ಕೈಬಿಟ್ಟಿದ್ದಾನೆ ಅಂತ ನನಗೆ ಗೊತ್ತಾಯಿತು.

ಆಟ ಮುಗಿಯಲು ಎರಡೇ ನಿಮಿಷ, ಎರಡೂ ತಂಡ ಸಮ ಸಮ. ಎದುರಾಳಿ ಗೋಲ್‌ಕೀಪರ್ ಜಾರಿ ಬಿದ್ದ. ಚೆಂಡು ಖಾಲಿ ಗೋಲಿನ ಮುಂದೆ, ನನ್ನ ಕಣ್ಣೆದುರೇ, ಮೆಲ್ಲಗೆ ಉರುಳುತ್ತಿದೆ. ನಮ್ಮ ಆಟಗಾರ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ನನಗೆ ಮೈಮೇಲೆ ಎಚ್ಚರವಿಲ್ಲ. ಕಂಬಿ ಹತ್ತಿ ಕಿರುಚಿದೆ:

"ಬಾರೋ! ಬೇಗ ಬಾರೋ!"

ಕನ್ನಡವೇನೋ ಬಂತು. ಆದರೆ ಜಪಾನಿನ ಬೀದಿ ಮಾತಿನಲ್ಲಿ ‘ಬಾರೋ’ ಅಂದರೆ ಮುಠ್ಠಾಳ ಅಂತ. ಸ್ಕೂಲಿನ ಹುಡುಗರು ಜಗಳದಲ್ಲಿ ಬೈಯುವ ಮಾತು. ಅದು ನನಗೆ ಗೊತ್ತಿತ್ತು, ಬಾಯಿಂದ ಬಿದ್ದ ಮೇಲೆ ನೆನಪಾಯಿತು. ಆಫೀಸಿನ ಮರ್ಯಾದೆಯ ಜಪಾನಿಯಷ್ಟೇ ಕಲಿತಿದ್ದ ಅಪ್ಪನಿಗೆ ಗೊತ್ತೇ ಇರಲಿಲ್ಲ. ಆಟಗಾರ ಬೆಚ್ಚಿ, ಬೈದವರು ಯಾರು ಅಂತ ನಮ್ಮ ಕಡೆ ನೋಡುತ್ತ ನಿಂತ. ಚೆಂಡು ಹೊರಗೆ ಹೋಯಿತು. ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು.

ಮಕ್ಕಳ ಜಾಗ ನೋಡಿಕೊಳ್ಳುವ ಹೆಂಗಸು ಓಡಿ ಬಂದರು. ಹಗ್ಗದ ಹತ್ತಿರ ಹೋಗಿ ಅಪ್ಪನಿಗೆ ತಲೆ ಬಾಗಿಸಿ, ಸುಮಿಮಾಸೆನ್, ಕ್ಷಮಿಸಿ, ಈಗ ಆ ಮಾತು ಆಡಿದ್ದು ತಮ್ಮ ಮಗಳೇ ಏನು ಅಂತ ಬಹಳ ಸಂಕೋಚದಿಂದ ಕೇಳಿದರು.

ಅಪ್ಪನ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು. ಹಾಯ್, ಹಾಯ್, ನನ್ನ ಮಗಳೇ ಅಂತ ಅವರಿಗೆ ನಾಲ್ಕು ಸಲ ಬಗ್ಗಿ ಬಗ್ಗಿ ಥ್ಯಾಂಕ್ಸ್ ಹೇಳಿ, ನನ್ನ ಕಡೆ ತಿರುಗಿದ.

"ಇನ್ನೊಂದು ಸಲ ಅನ್ನು ಕಂದಾ, ಪಾಪ, ಇವರಿಗೂ ಸರಿಯಾಗಿ ಕೇಳಲಿ."