ಕಪ್ಪೆ ನಾಲಿಗೆಯ ತಪಾಸಣೆ

ಗುಮಾಸ್ತನಿಗೆ ಸೆಕೆಯಾಯಿತು, ಫ್ಯಾನು ಹಾಕಿದ. ಅಷ್ಟೇ.

ಕಾಲೇಜಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಗಾಜಿನ ಸ್ಲೈಡು ಮಾಡುವವನು ಮೇಣದಲ್ಲಿ ಹುದುಗಿಸಿಟ್ಟ ಕಪ್ಪೆಯ ನಾಲಿಗೆಯನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಉಸಿರು ಬಿಗಿಹಿಡಿದು ಕುಂಚದ ತುದಿಯಲ್ಲಿ ಎತ್ತಿದ್ದ. ಆ ಪದರ ಫ್ಯಾನಿನ ಗಾಳಿಗೆ ಹಾರಿಹೋಗಿ ಗುಮಾಸ್ತನ ಬೋಳುತಲೆಗೆ ಅಂಟಿಕೊಂಡಿತು.

"ಅಣ್ಣಾ, ಅಲ್ಲಾಡ್ಬೇಡಿ! ನಾಲಿಗೆ ನಿಮ್ಮ ತಲೆ ಮೇಲಿದೆ!"

"ಥೂ!" ಗುಮಾಸ್ತ ಕರವಸ್ತ್ರದಿಂದ ತಲೆ ಉಜ್ಜಿ ಒರೆಸಿದ. "ಇಷ್ಟಕ್ಕೆ ಯಾಕಯ್ಯಾ ಬಡ್ಕೋತೀಯ? ಇನ್ನೊಂದು ಹೆರೆ."

ಬಡಿದುಕೊಳ್ಳದೆ ಏನು ಮಾಡಿಯಾನು? ಇವತ್ತು ತಪಾಸಣೆ. ದೊಡ್ಡ ಸಾಹೇಬರು ಸ್ಲೈಡು ಮೆಚ್ಚಿದರೆ ಕೆಲಸ ಖಾಯಂ. ಖಾಯಂ ಆದರೆ ಮಾತ್ರ ಹೆಂಡತಿ ಮನೆಗೆ ಬರುವುದು. "ಅಳಿಯಂದ್ರೇ, ಮೊದ್ಲು ಕೆಲ್ಸ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಮಗಳನ್ನ ಕಳಿಸ್ತೀನಿ" ಎಂದು ಮಾವ ಅವಳನ್ನು ಒತ್ತೆಯಾಳಿನ ಹಾಗೆ ಕೂರಿಸಿಕೊಂಡಿದ್ದ.

ಎರಡನೆಯ ಪದರವನ್ನು ಸುಕ್ಕು ಬಿಡಲೆಂದು ಬಿಸಿನೀರಿನ ಬಟ್ಟಲಲ್ಲಿ ತೇಲಿಬಿಟ್ಟ. ಪ್ರೊಫೆಸರು ಬಂದವರೇ ಅದರಲ್ಲಿ ಕೈ ತೊಳೆದರು.

"ಸಾರ್, ಅದ್ರಲ್ಲಿ ನಾಲಿಗೆ..."

"ನೀರು ಬಿಸಿ ಸಾಲ್ದು ಕಣಯ್ಯಾ" ಎಂದು ಕೈ ಒದರಿ ಹೋದರು.

ಉಳಿದದ್ದು ಉಗುರಿನಷ್ಟು ಮೇಣ. ಬಾಗಿಲಿಗೆ ಅಗುಳಿ ಜಡಿದು, ಹೆರೆದ, ಗಾಜಿನ ಮೇಲೆ ಕೂರಿಸಿದ, ಬಣ್ಣ ಕಟ್ಟಿದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಮೇಲೆ ಎದ್ದು ನಿಂತ ಸಣ್ಣ ಸಣ್ಣ ಗುಬುಟು, ನಡುನಡುವೆ ಅಂಟುರಸದ ಚೀಲ, ಕೆಳಗೆ ಚಾಪೆಯ ಹಾಗೆ ಹೆಣೆದುಕೊಂಡ ಸ್ನಾಯು. ನೊಣ ಕಂಡರೆ ಗಾಜಿನಿಂದಲೇ ಚಿಮ್ಮೀತು ಅನ್ನುವಂತಿತ್ತು.

ಸಾಹೇಬರು ಬಂದರು, ಬಗ್ಗಿದರು, ಬೆರಗಾದರು. "ಏನ್ರೀ ಇದು! ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ. ಯಾವ ಕಂಪನೀದು?"

ಸ್ಲೈಡಿನವನ ಎದೆ ಪೂರಿಯಂತೆ ಉಬ್ಬಿತು. ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತ ಅಂಗಿ ಜಗ್ಗಿದ: "ದೊಡ್ಡೋರ ಮಧ್ಯೆ ನೀನ್ಯಾವನೋ? ಸುಮ್ನಿರು!"

ಪ್ರೊಫೆಸರು ಕೋಟು ಸರಿಮಾಡಿಕೊಂಡರು. "ಫಾರಿನ್ ಮಾಲು ಸಾರ್. ಕಳಪೆದೆಲ್ಲ ನಾವು ತರ್ಸೋದೇ ಇಲ್ಲ."

"ಭೇಷ್! ಇಂಥಾವು ರೆಡಿ ಸಿಗುತ್ತೆ ಅಂದ್ಮೇಲೆ, ಸ್ಲೈಡು ಮಾಡೋಕೆ ಅಂತ ಒಬ್ಬನ್ನ ಯಾಕ್ರೀ ಸಾಕ್ತಿದೀರಾ? ತೆಗೀರಿ ಆ ಹುದ್ದೇನ."

"ಸಾರ್, ಅದು ನಾನು ಮಾಡಿದ್ದು! ನನ್ನ ಕೈಯಾರೆ!" ಅವನು ಕೂಗಿಯೇಬಿಟ್ಟ.

ಸಾಹೇಬರು ನಕ್ಕರು. "ನೋಡಿದ್ರಾ? ಕೆಲ್ಸ ಹೋಗುತ್ತೆ ಅಂದ್ರೆ ಏನ್ ಬೇಕಾದ್ರೂ ಹೇಳ್ತಾರೆ." ಪ್ರೊಫೆಸರೂ ನಕ್ಕರು. ಅವರು ನಕ್ಕರೆಂದು ಗುಮಾಸ್ತನೂ.

ಕಾರು ಹೊರಟ ಮೇಲೆ ಪ್ರೊಫೆಸರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರ್ ಮಾಡ್ಕೋಬೇಡಪ್ಪಾ. ನಾಳೆಯಿಂದ ಬರೋದು ಬೇಡ. ಇವತ್ತು ಮಾತ್ರ ಸ್ವಲ್ಪ ಇದ್ದು, ಬೇರೆ ಕಪ್ಪೆ ತರ್ಸಿಕೊಡ್ತೀನಿ, ಒಂದು ಡಬ್ಬಿ ತುಂಬ ಇಂಥವೇ ಮಾಡಿಟ್ಟು ಹೋಗು. ಸಾಹೇಬ್ರಿಗೂ ಅದೇ ಕಂಪನೀದು ಬೇಕಂತೆ."